ಮೊದಲ ಅಕ್ಷರದ ಹೊಸ್ತಿಲು

ಬೀದರದಲ್ಲಿ ವಿದ್ಯೆಯ ಮಾತು ಬಂದರೆ ಎಲ್ಲರೂ 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾದತ್ತ ಕೈ ತೋರಿಸುತ್ತಾರೆ. ಅದು ಬೆಳೆದ ವಿದ್ಯಾರ್ಥಿಗಳ, ಪಂಡಿತರ ತಾಣ. ನನ್ನ ಕುತೂಹಲ ಅದಕ್ಕಿಂತ ಬಹಳ ಚಿಕ್ಕದೊಂದು ಬಾಗಿಲಿನ ಬಗ್ಗೆ: ಮೂರು-ನಾಲ್ಕು ವರ್ಷದ ಕೂಸು ಮೊದಲ ಅಕ್ಷರಕ್ಕೆಂದು ದಾಟುವ ಹೊಸ್ತಿಲು.

ಆ ಹೊಸ್ತಿಲಿಗೆ ಹಿಂದೆ ಹಬ್ಬದ ಕಳೆ ಇತ್ತು. ಹಿಂದೂಗಳ ಮನೆಯಲ್ಲಿ ಹಿರಿಯರು ಕೂಸಿನ ಬೆರಳು ಹಿಡಿದು ಅಕ್ಕಿಯ ಮೇಲೆ ಅಕ್ಷರ ತೀಡಿಸುತ್ತಿದ್ದರು. ಮುಸಲ್ಮಾನರ ಮನೆಯಲ್ಲಿ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದ ಮಗುವಿಗೆ ‘ಬಿಸ್ಮಿಲ್ಲಾ’ ಮಾಡಿಸಿ ಸಿಹಿ ಹಂಚುತ್ತಿದ್ದರು. ನಿನಗೇನು ಬರುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಬರುವುದಿಲ್ಲವೆಂದೇ ಅಲ್ಲವೆ ಕಲಿಯಲು ಕೂಡಿಸುವುದು! ದಲಿತರ ಮಕ್ಕಳಿಗೆ, ಬಹುಪಾಲು ಹೆಣ್ಣುಮಕ್ಕಳಿಗೆ ಆ ಹೊಸ್ತಿಲೇ ಇರಲಿಲ್ಲವೆಂಬುದನ್ನೂ ಮರೆಯಬಾರದು.

ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಭಾಷೆ ಉರ್ದು. ಕನ್ನಡದ ಕೂಸಿಗೆ ಬಾಗಿಲಲ್ಲೇ ತಡೆ. ಆಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಔರಾದ ಸೀಮೆಯ ಕಮಲನಗರ ಅವರು ಹುಟ್ಟಿದೂರು. ಅಲ್ಲಿಯೂ ಶಾಲೆ ನಡೆಸಿದರು. ಬಡ ಮಕ್ಕಳಿಗೆ ಮಠದಲ್ಲಿ ಅನ್ನವೂ ಸಿಕ್ಕಿತು, ಅಕ್ಷರವೂ ಸಿಕ್ಕಿತು. 1999ರಲ್ಲಿ ಅವರು ಲಿಂಗೈಕ್ಯರಾದರು. ಅವರ ಶಾಲೆಯಲ್ಲಿ ಪರೀಕ್ಷೆ ಎದುರಿಸಿದವರು ಕಲಿಸುವವರೇ.

1948ರಲ್ಲಿ ನಿಜಾಮರ ಆಡಳಿತ ಮುಗಿಯಿತು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯ ಸೇರಿತು. ಕನ್ನಡ ಶಾಲೆಗಳು ಬಂದವು, ಅವುಗಳ ಬೆನ್ನಿಗೆ ಇಂಗ್ಲಿಷ್ ಮಾಧ್ಯಮವೂ ಬಂತು. ಔರಾದ ಕಡೆಯ ನಮ್ಮ ನೆಂಟರೊಬ್ಬರು ಮೊಮ್ಮಗನನ್ನು ಪೇಟೆಯ ಶಾಲೆಯೊಂದಕ್ಕೆ ಸೇರಿಸಲು ಹೋಗಿದ್ದರು. ಚಿತ್ರ ತೋರಿಸಿ ‘ವಾಟ್ ಈಸ್ ದಿಸ್?’ ಎಂದರಂತೆ. ಹುಡುಗ ಅಜ್ಜನತ್ತ ತಿರುಗಿ, “ಮುತ್ಯಾ, ಆಕಳ” ಎಂದ. ಸೀಟು ಸಿಗಲಿಲ್ಲ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಸಂತೆಯಲ್ಲಿ ಉರ್ದು ತಿಳಿಯುವ ಹುಡುಗನಿಗೆ ಏನೂ ಬರುವುದಿಲ್ಲ ಎಂದು ತೀರ್ಮಾನವಾಯಿತು. ಬಾಗಿಲಿನ ಭಾಷೆ ಬದಲಾಗಿತ್ತು, ತಡೆ ಮಾತ್ರ ಹಾಗೇ ಇತ್ತು.

ನರ್ಸರಿ ಪ್ರವೇಶದ ಪರೀಕ್ಷೆ, ಸಂದರ್ಶನಗಳನ್ನು ರದ್ದುಪಡಿಸಬೇಕೆಂದು ಯಶಪಾಲ್ ಸಮಿತಿ 1993ರಲ್ಲೇ ಹೇಳಿತ್ತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷಿಸಿ ಸೇರಿಸಿಕೊಳ್ಳುವುದನ್ನು ನಿಷೇಧಿಸಿತು. ಮೊದಲ ತಪ್ಪಿಗೆ 25,000 ರೂಪಾಯಿವರೆಗೆ, ಮುಂದಿನ ಪ್ರತಿ ತಪ್ಪಿಗೆ 50,000 ರೂಪಾಯಿವರೆಗೆ ದಂಡ. ಆದರೆ ಈ ಕಾಯಿದೆಯ ಮಗು ಎಂದರೆ ಆರರಿಂದ ಹದಿನಾಲ್ಕು ವರ್ಷದ್ದು. ಆ ಕಾರಣದಿಂದಲೇ ಖಾಸಗಿ ಶಾಲೆಗಳ ನರ್ಸರಿಯ ಸಾಮಾನ್ಯ ಸೀಟುಗಳಿಗೆ ಈ ನಿಷೇಧ ಅನ್ವಯಿಸದೆಂದು ದೆಹಲಿ ಹೈಕೋರ್ಟು 2013ರಲ್ಲಿ ಹೇಳಿತು. ಕಾಯಿದೆ ತಿದ್ದುವ ಬಗ್ಗೆ ಸರಕಾರ ಯೋಚಿಸಬೇಕೆಂದೂ ಸೂಚಿಸಿತು. 2020ರ ಶಿಕ್ಷಣ ನೀತಿ ಮೂರನೆಯ ವರ್ಷದಿಂದಲೇ ಕಲಿಕೆಯನ್ನು ಲೆಕ್ಕಕ್ಕೆ ಹಿಡಿಯಿತು. ಕಾಯಿದೆ ಇನ್ನೂ ಆರರಲ್ಲೇ ನಿಂತಿದೆ. ಕೂಸು ತೀರಾ ಎಳೆಯದಿರುವಲ್ಲಿಯೇ ಅದಕ್ಕೆ ಕಾನೂನಿನ ನೆರಳಿಲ್ಲ.

ಆ ಆರನ್ನು ಮೂರಕ್ಕೆ ಇಳಿಸಬೇಕು. ಸೀಟು ಕಡಿಮೆ ಇದ್ದರೆ ಚೀಟಿ ಎತ್ತಲಿ. ಮನೆಮಾತು ಯಾವುದೆಂದು ಚೀಟಿ ಕೇಳುವುದಿಲ್ಲ.