ಪಹಣಿಯಿಂದ ಧರಣಿಗೆ: ತಿದ್ದುವ ಬಾಗಿಲು ಮುಚ್ಚಿದ ದಾಖಲೆ

ತೆಲಂಗಾಣ ಸರ್ಕಾರ 2020ರ ಅಕ್ಟೋಬರ್ 29ರಂದು ‘ಧರಣಿ’ ಪೋರ್ಟಲ್ ತೆರೆದಾಗ, ರಾಜ್ಯದ ಕೃಷಿ ಜಮೀನಿನ ಒಡೆತನದ ಲೆಕ್ಕವೆಲ್ಲ ಹೈದರಾಬಾದಿನಿಂದ ನಡೆಯುವ ಒಂದೇ ದತ್ತಸಂಚಯಕ್ಕೆ ಸೇರಿತು. ಐದು ವರ್ಷ ತುಂಬುವ ಮೊದಲೇ, 2025ರ ಏಪ್ರಿಲ್ 14ರಂದು, ಅದರ ಜಾಗಕ್ಕೆ ‘ಭೂ ಭಾರತಿ’ ಬಂತು. ಈ ಸೋಲನ್ನು ತಂತ್ರಾಂಶದ ತಲೆಗೆ ಕಟ್ಟುವುದು ಸುಲಭ. ಆದರೆ ರೈತ ಕೆಟ್ಟದ್ದು ಸರ್ವರ್ ಕೈಕೊಟ್ಟದ್ದರಿಂದಲ್ಲ. ದಾಖಲೆಯಲ್ಲಿ ಸೇರಿಕೊಂಡ ತಪ್ಪನ್ನು ತಿದ್ದಿಸಿಕೊಳ್ಳುವ ಹಾದಿ ಮುಚ್ಚಿಹೋದದ್ದರಿಂದ. ಇದೇ ರೋಗ ಹೈದರಾಬಾದ್ ಸಂಸ್ಥಾನವನ್ನು ಕಂಪ್ಯೂಟರ್ ಬರುವುದಕ್ಕೆ ನೂರು ವರ್ಷ ಮೊದಲೇ ಕಾಡಿತ್ತು.

1853ರಿಂದ 1883ರವರೆಗೆ ದಿವಾನನಾಗಿದ್ದ ಒಂದನೇ ಸಾಲಾರ್ ಜಂಗ್, ಕಂದಾಯ ಗುತ್ತಿಗೆದಾರರ ಹಿಡಿತ ತಪ್ಪಿಸಿ, ಜಿಲ್ಲೆಗಳನ್ನು ರಚಿಸಿ, ಅಳತೆ ಮತ್ತು ಜಮಾಬಂದಿಯ ಕೆಲಸಕ್ಕೆ ಕೈಹಾಕಿದ. ಇಂದಿನ ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳೂ ಆ ಸಂಸ್ಥಾನದೊಳಗೇ ಇದ್ದವು. ಉದ್ದೇಶ ಒಳ್ಳೆಯದೇ. ಆದರೆ ಹಳೆಯ ಲೆಕ್ಕಪತ್ರ ಇದ್ದದ್ದು ವಂಶಪಾರಂಪರ್ಯ ಕಂದಾಯ ಅಧಿಕಾರಿಗಳಾದ ದೇಶಮುಖ, ದೇಶಪಾಂಡೆಗಳ ಕೈಯಲ್ಲಿ. ಹೊಸ ದಾಖಲೆಗೆ ಹೆಸರು ಏರಿಸುವಾಗ ತೆಲಂಗಾಣದ ಅನೇಕ ಕಡೆ ಉಳುವವನ ಹೊಲ ಅವರ ಹೆಸರಿಗೇ ಏರಿತು. ತಲೆಮಾರಿನಿಂದ ಗೇಯ್ದವನು ಕಾಗದದಲ್ಲಿ ಗೇಣಿದಾರನಾದ. ಓದುಬರಹ ಬಾರದವನು ಅದನ್ನು ಪ್ರಶ್ನಿಸುವುದಾದರೂ ಯಾರ ಮುಂದೆ? ವಿಸುನೂರಿನ ದೇಶಮುಖನಿಗೆ 60 ಹಳ್ಳಿಗಳಲ್ಲಿ 40,000 ಎಕರೆ ಇತ್ತೆಂದು ಕಮ್ಯುನಿಸ್ಟ್ ನಾಯಕ ಪಿ. ಸುಂದರಯ್ಯ ದಾಖಲಿಸಿದ್ದಾರೆ. 1946ರಲ್ಲಿ ಸಿಡಿದ ರೈತರ ಸಶಸ್ತ್ರ ಹೋರಾಟಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ಈ ದಾಖಲೆಯ ಅನ್ಯಾಯವನ್ನು ಬಿಟ್ಟು ಆ ಹೋರಾಟ ಅರ್ಥವಾಗುವುದಿಲ್ಲ.

ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ, 1949ರಲ್ಲಿ ಜಾಗೀರು ರದ್ದಾಯಿತು, 1950ರಲ್ಲಿ ಗೇಣಿ ಕಾಯ್ದೆ ಬಂತು, 1954-55ರಲ್ಲಿ ಖಾಸ್ರಾ ಪಹಣಿ ತಯಾರಾಯಿತು. ಪಹಣಿಯ ಬಲ ಇದ್ದದ್ದು ಅದರ ಅಂಕಣಗಳಲ್ಲಿ. ಪಟ್ಟೇದಾರ ಯಾರು ಎಂಬುದಕ್ಕೆ ಒಂದು ಅಂಕಣ, ಹೊಲ ನಿಜವಾಗಿ ಯಾರ ಅನುಭವದಲ್ಲಿದೆ ಎಂಬುದಕ್ಕೆ ಇನ್ನೊಂದು. ಎರಡೂ ಹೆಸರು ಬೇರೆಯಾಗಿದ್ದರೆ ಅಲ್ಲೊಂದು ತಕರಾರಿದೆ ಎಂದು ನೋಡಿದವನಿಗೆ ತಿಳಿಯುತ್ತಿತ್ತು. ವರ್ಷ ವರ್ಷ ಹೊಸದಾಗಿ ಬರೆಯುವ ದಾಖಲೆಯಾದ್ದರಿಂದ ಹಿಂದಿನ ವರ್ಷದ ಪುಟ ಸಾಕ್ಷಿಯಾಗಿ ಉಳಿಯುತ್ತಿತ್ತು.

ಧರಣಿ ಕಳಚಿಹಾಕಿದ್ದು ಇದನ್ನೇ. 2017ರ ಸೆಪ್ಟೆಂಬರ್‌ನಲ್ಲಿ ಶುರುವಾದ ದಾಖಲೆ ಶುದ್ಧೀಕರಣವನ್ನು ಕೆಲವೇ ತಿಂಗಳಲ್ಲಿ ಮುಗಿಸಲಾಯಿತು. ತಕರಾರಿಲ್ಲದ ಜಮೀನು ‘ಎ’ ಭಾಗಕ್ಕೆ, ತಕರಾರಿನದು ‘ಬಿ’ ಭಾಗಕ್ಕೆ ಹೋಯಿತು. ಆ ಅವಸರದ ತಪ್ಪುಗಳೇ ಧರಣಿಯ ಬುನಾದಿಯಾದವು. ಅನುಭವದಾರನ ಅಂಕಣ ಮಾಯವಾಯಿತು. ಒಂದು ಸರ್ವೆ ನಂಬರಿನಲ್ಲಿ ಒಂದಿಷ್ಟು ಸರ್ಕಾರಿ ಜಾಗವಿದ್ದರೆ ಇಡೀ ನಂಬರೇ ನಿಷೇಧಿತ ಪಟ್ಟಿಗೆ ಸೇರಿದ ಉದಾಹರಣೆಗಳು ಜಿಲ್ಲೆ ಜಿಲ್ಲೆಯಲ್ಲಿವೆ. ಅಂಥ ಪಟ್ಟೇದಾರ ಮಗಳ ಮದುವೆಗೆಂದು ಅರ್ಧ ಎಕರೆ ಮಾರಲು ಹೋದರೂ ನೋಂದಣಿಯಾಗುತ್ತಿರಲಿಲ್ಲ. ಹೆಸರಿನ ಒಂದಕ್ಷರ ತಪ್ಪಿದ್ದರೂ ತಹಸೀಲ್ದಾರ್ ತಿದ್ದುವಂತಿರಲಿಲ್ಲ. ಆನ್‌ಲೈನ್ ಅರ್ಜಿ ಹಾಕಿ ಕಲೆಕ್ಟರ್ ಒಪ್ಪಿಗೆಗೆ ಕಾಯಬೇಕಿತ್ತು. ಧರಣಿಗೆ ತಳಹದಿಯಾದ 2020ರ ಕಾಯ್ದೆ ಕಂದಾಯ ನ್ಯಾಯಾಲಯಗಳನ್ನು ರದ್ದುಮಾಡಿದ್ದರಿಂದ ಉಳಿದದ್ದು ಸಿವಿಲ್ ಕೋರ್ಟಿನ ಮೆಟ್ಟಿಲು. 2024ರ ಮಾರ್ಚ್‌ನಲ್ಲಿ ವಿಶೇಷ ವಿಲೇವಾರಿ ಅಭಿಯಾನ ನಡೆಸಬೇಕಾಗಿ ಬಂದಾಗ ಬಾಕಿ ಇದ್ದ ಅರ್ಜಿಗಳು 2.45 ಲಕ್ಷ.

ಧರಣಿಯ ಪರವಾದ ಮಾತನ್ನೂ ಕೇಳಬೇಕು. ಹಳ್ಳಿಯ ಕಂದಾಯ ಅಧಿಕಾರಿ ಲಂಚವಿಲ್ಲದೆ ಕಾಗದ ಮುಟ್ಟುತ್ತಿರಲಿಲ್ಲ ಎಂಬ ದೂರು ಸುಳ್ಳಲ್ಲ. 2019ರ ನವೆಂಬರ್‌ನಲ್ಲಿ ಹೈದರಾಬಾದ್ ಹೊರವಲಯದ ಅಬ್ದುಲ್ಲಾಪುರ್‌ಮೆಟ್‌ನಲ್ಲಿ ಮಹಿಳಾ ತಹಸೀಲ್ದಾರ್ ಒಬ್ಬರನ್ನು ಕಚೇರಿಯಲ್ಲೇ ಸುಟ್ಟು ಕೊಂದ ಘೋರ ಕೃತ್ಯವೂ ಜಮೀನಿನ ತಕರಾರಿನ ಹಿನ್ನೆಲೆಯಲ್ಲೇ ನಡೆದದ್ದು. ಮುಂದಿನ ವರ್ಷ ಹಳ್ಳಿಯ ಕಂದಾಯ ಅಧಿಕಾರಿಯ ಹುದ್ದೆಯನ್ನೇ ಸರ್ಕಾರ ತೆಗೆದುಹಾಕಿತು. ನೋಂದಣಿ ಮತ್ತು ಮ್ಯುಟೇಶನ್ ಒಂದೇ ಕಚೇರಿಯಲ್ಲಿ, ಒಂದೇ ದಿನ ಮುಗಿಯತೊಡಗಿದ್ದು ದೊಡ್ಡ ಅನುಕೂಲ. ಆದರೆ ಆ ಅನುಕೂಲ ದಕ್ಕಿದ್ದು ದಾಖಲೆ ಸರಿಯಿದ್ದವರಿಗೆ. ದಾಖಲೆ ಕೆಟ್ಟವನಿಗೆ ಹೊಲ ಬಲ್ಲ ಅಧಿಕಾರಿಯೂ ಇರಲಿಲ್ಲ, ಮೇಲ್ಮನವಿಯೂ ಇರಲಿಲ್ಲ. ಲಂಚಕೋರನನ್ನು ಶಿಕ್ಷಿಸುವುದು ಬೇರೆ, ಪರಿಶೀಲನೆಯನ್ನೇ ಅಳಿಸುವುದು ಬೇರೆ. ಭೂ ಭಾರತಿ ಮೇಲ್ಮನವಿ, ಅನುಭವದ ಅಂಕಣ, ಗ್ರಾಮಮಟ್ಟದ ಅಧಿಕಾರಿ ಮೂರನ್ನೂ ಮರಳಿ ತಂದಿರುವುದೇ ಇದಕ್ಕೆ ಉತ್ತರ.

ಕರ್ನಾಟಕದ ‘ಭೂಮಿ’ ಯೋಜನೆ ಇದಕ್ಕೆ ಎರಡು ದಶಕ ಮೊದಲೇ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಅಲ್ಲೂ ತಪ್ಪು ನುಸುಳಿದೆ. ವಿಸ್ತೀರ್ಣದ 3ನೇ ಮತ್ತು ಮಾಲೀಕರ 9ನೇ ಕಾಲಂ ತಾಳೆಯಾಗದ ಪಹಣಿ ಹಿಡಿದು ತಾಲೂಕು ಕಚೇರಿಗೆ ಅಲೆಯುವವರು ಇಂದಿಗೂ ಇದ್ದಾರೆ. ಆದರೆ 12ನೇ ಕಾಲಂನಲ್ಲಿ ಸಾಗುವಳಿದಾರನಿಗೆ ಜಾಗ ಉಳಿಯಿತು, ಗ್ರಾಮ ಲೆಕ್ಕಿಗ ಉಳಿದ, ಉಪವಿಭಾಗಾಧಿಕಾರಿಯ ಮುಂದೆ ಮೇಲ್ಮನವಿ ಉಳಿಯಿತು. ಈಗ ನಮ್ಮಲ್ಲಿ ‘ಭೂ ಸುರಕ್ಷಾ’ ಹೆಸರಿನಲ್ಲಿ ಹಳೆಯ ಕಂದಾಯ ಕಡತಗಳ ಸ್ಕ್ಯಾನಿಂಗ್ ನಡೆದಿದೆ. ಧರಣಿಯಲ್ಲಿ ಹೆಸರು ಕಳೆದುಕೊಂಡ ರೈತರಿಗೆ ಕೊನೆಗೆ ಆಧಾರವಾಗಿ ಸಿಕ್ಕದ್ದು ಖಾಸ್ರಾ ಪಹಣಿಯಂಥ ಹಳೆಯ ಕಾಗದಗಳೇ. ಕಲಬುರಗಿ, ಬೀದರ್, ರಾಯಚೂರಿನ ದಾಖಲೆ ಕೋಣೆಗಳಲ್ಲಿರುವ ನಿಜಾಮರ ಕಾಲದ ಮೂಲ ಪ್ರತಿಗಳನ್ನು, ಸ್ಕ್ಯಾನ್ ಆಯಿತೆಂಬ ಕಾರಣಕ್ಕೆ, ಸರ್ಕಾರ ದಯವಿಟ್ಟು ವಿಲೇವಾರಿ ಮಾಡದಿರಲಿ.