ಸೋಗಾನೆಯ ವಿಮಾನ ನಿಲ್ದಾಣ ಯಾರ ಸೊತ್ತು?

ಹುಚ್ಚರಾಯಸ್ವಾಮಿಯ ಊರಾದ ಶಿಕಾರಿಪುರದ ಹೆಸರಿನಲ್ಲಿ ಇರುವುದು ಪಾರ್ಸಿ ಮಾತು. ಕೆಳದಿ ಅರಸರ ಕಾಲದಲ್ಲಿ ಇದು ಮಹಾದಾನಪುರವಾಗಿತ್ತು. ಸುತ್ತಲಿನ ಕಾಡುಗಳಲ್ಲಿ ಬೇಟೆ ಹೇರಳವಾಗಿದ್ದುದರಿಂದ ಹೈದರಾಲಿ ಅಥವಾ ಟಿಪ್ಪುವಿನ ಕಾಲದಲ್ಲಿ ಶಿಕಾರಿಪುರವಾಯಿತೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅದಕ್ಕೂ ಹಿಂದೆ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಇದೇ ತಾಲೂಕಿನ ಬಳ್ಳಿಗಾವಿಯು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ. ಶೈವ ಮಠಗಳು, ಜೈನ ಬಸದಿಗಳು, ಬೌದ್ಧ ವಿಹಾರ ಒಂದೇ ಊರಿನಲ್ಲಿದ್ದವು. ವ್ಯಾಪಾರಿಗಳೂ ವಿದ್ವಾಂಸರೂ ಹುಡುಕಿಕೊಂಡು ಬರುತ್ತಿದ್ದ ಊರು ಅದು.

ಆದರೆ ಆಧುನಿಕ ಕಾಲದ ದಾರಿಗಳು ಈ ಸೀಮೆಯನ್ನು ಬಳಸಿಕೊಂಡು ಹೋದವು. ಬೀರೂರಿನಿಂದ ಶಿವಮೊಗ್ಗೆಗೆ ರೈಲು ಬಂದದ್ದು 1899ರಲ್ಲಿ. ಮುಂದೆ ಅದು ಆನಂದಪುರ, ಸಾಗರದ ಮೇಲೆ ತಾಳಗುಪ್ಪಕ್ಕೆ ಹೋಯಿತು. ಶಿಕಾರಿಪುರ, ಸೊರಬ ಎರಡೂ ಹಳಿಯ ಆಚೆಗೇ ಉಳಿದವು. ಅಕ್ಕಪಕ್ಕದ ಈ ಎರಡು ತಾಲೂಕುಗಳು ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ಸೊರಬದ ಎಸ್. ಬಂಗಾರಪ್ಪ 1990ರಲ್ಲಿ ಮುಖ್ಯಮಂತ್ರಿಯಾದರು. ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ 2007ರಿಂದ ಈಚೆಗೆ ನಾಲ್ಕು ಸಲ ಪ್ರಮಾಣವಚನ ಸ್ವೀಕರಿಸಿದರು. ಆದರೂ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಮಾರ್ಗಕ್ಕೆ ಶಂಕುಸ್ಥಾಪನೆಯಾದದ್ದು 2023ರ ಫೆಬ್ರವರಿ 27ರಂದು. ಅದೇ ದಿನ, ಅದೇ ಪ್ರಧಾನಿ, ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣವನ್ನು ಉದ್ಘಾಟಿಸಿದರು. ಶಿಕಾರಿಪುರಕ್ಕೆ ರೈಲು ಬರುವ ಮೊದಲೇ ಜಿಲ್ಲೆಗೆ ವಿಮಾನ ಬಂದಿತು.

ಕುರ್ಚಿಯೊಂದಿಗೆ ನಡೆದ ಕಾಮಗಾರಿ

ಸೋಗಾನೆಯ ಕಥೆ 2008ಕ್ಕೆ ಹೋಗುತ್ತದೆ. ಆಗ ಖಾಸಗಿ ಬಂಡವಾಳದ ಬಗ್ಗೆ ದೊಡ್ಡ ಭರವಸೆಯ ಕಾಲ. ಸರ್ಕಾರ ಭೂಮಿ ಕೊಡುವುದು, ಖಾಸಗಿಯವರು ಕಟ್ಟಿ ನಡೆಸುವುದು ಎಂಬ ಕರಾರಿನ ಮೇಲೆ ಶಿವಮೊಗ್ಗ, ಗುಲ್ಬರ್ಗ ಎರಡೂ ಕಡೆ ಶಂಕುಸ್ಥಾಪನೆಯಾಯಿತು. ಗುತ್ತಿಗೆ ಹಿಡಿದ ಕೂಟದಲ್ಲಿ ಮೇಟಾಸ್ ಸಂಸ್ಥೆಯೂ ಇತ್ತು. 2009ರ ಜನವರಿಯಲ್ಲಿ ಸತ್ಯಂ ಹಗರಣ ಬಯಲಾದಾಗ ಅದರ ಬಂಧುಸಂಸ್ಥೆಯಾದ ಮೇಟಾಸ್ ಕೂಡ ಮುಗ್ಗರಿಸಿತು. ಕಾಮಗಾರಿ ಕುಂಟಿತು, ನಿಂತಿತು. ಕೊನೆಗೆ ಒಪ್ಪಂದವೇ ರದ್ದಾಯಿತು. ಭೂಮಿ ಕೊಟ್ಟವರ ಕಣ್ಣೆದುರಿಗೆ ಅವರ ಹೊಲ ವರ್ಷಗಟ್ಟಲೆ ಬೀಳು ಬಿತ್ತು.

ಯಡಿಯೂರಪ್ಪನವರು 2019ರಲ್ಲಿ ಮತ್ತೆ ಅಧಿಕಾರಕ್ಕೆ ಬಂದ ಮೇಲೆ, 2020ರ ಜೂನ್‌ನಲ್ಲಿ ಕೆಲಸ ಪುನಃ ಆರಂಭವಾಯಿತು. ಈ ಸಲ ಸರ್ಕಾರದ್ದೇ ಹಣ. ಸುಮಾರು 775 ಎಕರೆ ಭೂಮಿ, ಸುಮಾರು 450 ಕೋಟಿ ರೂಪಾಯಿ, 3.2 ಕಿಲೋಮೀಟರ್ ಉದ್ದದ ರನ್‌ವೇ. ನಿಲ್ದಾಣಕ್ಕೆ ತಮ್ಮ ಹೆಸರಿಡುವ ಪ್ರಸ್ತಾಪವನ್ನು ಯಡಿಯೂರಪ್ಪನವರು ಒಪ್ಪಲಿಲ್ಲ. ಕೊನೆಗೆ ಕುವೆಂಪು ಹೆಸರು ಬಂತು. ಅದು ಒಳ್ಳೆಯದೇ ಆಯಿತು.

ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಒಬ್ಬ ನಾಯಕ ಕುರ್ಚಿಯಲ್ಲಿದ್ದಾಗ ಕೆಲಸ ನಡೆಯಿತು, ಇಲ್ಲದಾಗ ಮಲಗಿತು. ಜನರ ಸೊತ್ತು ಹೀಗೆ ಒಬ್ಬರ ಅಧಿಕಾರದ ಆಯುಸ್ಸಿಗೆ ಗಂಟುಬಿದ್ದರೆ ಅದರ ನಾಳೆ ಭದ್ರವಲ್ಲ. ಕಟ್ಟಿಸುವ ಉತ್ಸಾಹ ನಮ್ಮಲ್ಲಿ ಬೇಕಾದಷ್ಟಿದೆ. ಕಟ್ಟಿದ್ದನ್ನು ನಡೆಸುವ ತಾಳ್ಮೆ ಕಡಿಮೆ.

ವಿಮಾನವಿಲ್ಲದ ನಿಲ್ದಾಣಗಳು

ಉದ್ಘಾಟನೆಯಾಗಿ ಆರು ತಿಂಗಳ ನಂತರ, 2023ರ ಆಗಸ್ಟ್ 31ರಂದು, ಬೆಂಗಳೂರಿನಿಂದ ಇಂಡಿಗೋ ವಿಮಾನ ಬಂದಿಳಿಯಿತು. ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು. ಹೊಸ ಸರ್ಕಾರದ ಸಚಿವ ಎಂ.ಬಿ. ಪಾಟೀಲರೂ ಯಡಿಯೂರಪ್ಪನವರೂ ಒಂದೇ ವಿಮಾನದಲ್ಲಿ ಬಂದರು. ನಿಲ್ದಾಣದ ಹೊಣೆ ರಾಜ್ಯದ ಕೈಗಾರಿಕಾ ಹಾಗೂ ಮೂಲಸೌಕರ್ಯ ಅಭಿವೃದ್ಧಿ ನಿಗಮದ ಮೇಲೆ ಬಿತ್ತು. ಕರ್ನಾಟಕ ಸರ್ಕಾರ ತಾನೇ ನಡೆಸಲು ಹೊರಟ ಮೊದಲ ವಿಮಾನ ನಿಲ್ದಾಣ ಇದು. ಮುಂದೆ ಹೈದರಾಬಾದ್, ತಿರುಪತಿ, ಗೋವಾ, ಚೆನ್ನೈಗಳಿಗೂ ವಿಮಾನಗಳು ಹೊರಟವು.

ಆದರೆ ಮಲೆನಾಡಿನ ಮಳೆ, ಮಂಜು ಯಾರ ಮಾತನ್ನೂ ಕೇಳುವುದಿಲ್ಲ. ರಾತ್ರಿ ಇಳಿಯುವ, ಮಂಜಿನಲ್ಲಿ ದಾರಿ ತೋರುವ ಉಪಕರಣಗಳಿಲ್ಲದೆಯೇ ನಿಲ್ದಾಣ ಶುರುವಾಗಿತ್ತು. 2024ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಕೊರತೆಗಳನ್ನು ಎತ್ತಿ ತೋರಿಸಿ ಪರವಾನಗಿಯನ್ನು ಅಲ್ಪ ಅವಧಿಗೆ ಮಾತ್ರ ಮುಂದುವರಿಸಿತು. ಕೋಟಿಗಟ್ಟಲೆ ಸುರಿದು ಕಟ್ಟಿದ ನಿಲ್ದಾಣದ ಬಾಗಿಲು ಮುಚ್ಚೀತೇ ಎಂಬ ಆತಂಕ ಒಂದೂವರೆ ವರ್ಷದೊಳಗೇ ಎದುರಾಯಿತು.

ಈ ಆತಂಕ ಶಿವಮೊಗ್ಗದ್ದು ಮಾತ್ರವಲ್ಲ. ಮೈಸೂರಿನ ಮಂಡಕಳ್ಳಿಯಲ್ಲಿ ಅರಸರ ಕಾಲದಿಂದಲೂ ನಿಲ್ದಾಣವಿದೆ. 2010ರಲ್ಲಿ ಹೊಸ ಕಟ್ಟಡವಾಯಿತು. ಕಿಂಗ್‌ಫಿಷರ್ ವಿಮಾನ ಸುಮಾರು ಒಂದು ವರ್ಷ ಹಾರಿ ನಿಂತಿತು. ಬೀದರಿನಲ್ಲಿ 2020ರ ಫೆಬ್ರವರಿಯಲ್ಲಿ ಸೇವೆ ಆರಂಭವಾಯಿತು. 2023ರ ಕೊನೆಗೆ ನಿಂತು, 2025ರಲ್ಲಿ ಮತ್ತೆ ಶುರುವಾಯಿತು. ಕೇಂದ್ರದ ಉಡಾನ್ ಯೋಜನೆಯಲ್ಲಿ ವಿಮಾನ ಕಂಪನಿಗಳ ನಷ್ಟವನ್ನು ತುಂಬಿಕೊಡುವುದು ಮೂರು ವರ್ಷ ಮಾತ್ರ. ಆಮೇಲೆ ಲೆಕ್ಕ ಹೊಂದದಿದ್ದರೆ ಕಂಪನಿ ಬೇರೆ ಊರು ನೋಡಿಕೊಳ್ಳುತ್ತದೆ. ವಿಮಾನ ಹಾರಿಹೋಗಬಲ್ಲದು, ನಿಲ್ದಾಣ ಎಲ್ಲಿಗೆ ಹೋದೀತು?

ಲಾಭ ಬಂದರೆ ಇನ್ನೊಂದು ಕಥೆ. 1951ರಲ್ಲಿ ನೆಹರೂ ಉದ್ಘಾಟಿಸಿದ ಬಜಪೆ ನಿಲ್ದಾಣ ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಕರಾವಳಿಯ ಸಾವಿರಾರು ಕುಟುಂಬಗಳ ಕಣ್ಣೀರನ್ನೂ ನಗುವನ್ನೂ ಕಂಡಿದೆ. ಅವರ ಓಡಾಟದಿಂದಲೇ ಬೆಳೆದ ಆ ನಿಲ್ದಾಣ 2020ರ ಅಕ್ಟೋಬರ್ 31ರಂದು 50 ವರ್ಷಗಳ ಗುತ್ತಿಗೆಗೆ ಅದಾನಿ ಸಮೂಹದ ಕೈಸೇರಿತು. ನಷ್ಟದ್ದು ಸರ್ಕಾರದ ತಲೆಗೆ, ಲಾಭದ್ದು ಖಾಸಗಿಯವರ ಕೈಗೆ ಎಂಬಂತಾದರೆ, ಸಾರ್ವಜನಿಕ ಸೊತ್ತು ಎಂಬ ಮಾತಿಗೆ ಅರ್ಥವೇನು?

ಪಕ್ಕದಲ್ಲೇ ಇರುವ ಪಾಠ

ಶಿವಮೊಗ್ಗದವರಿಗೆ ಈ ಪ್ರಶ್ನೆ ಹೊಸದಲ್ಲ. ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ವಿಶ್ವೇಶ್ವರಯ್ಯನವರೇ ಅದರ ಚುಕ್ಕಾಣಿ ಹಿಡಿದಿದ್ದರು. ರಾಜ್ಯದ್ದಾಗಿದ್ದ ಅದು ಮುಂದೆ ಕೇಂದ್ರದ ಉಕ್ಕು ಪ್ರಾಧಿಕಾರಕ್ಕೆ ಸೇರಿತು. 2023ರ ಜನವರಿಯಲ್ಲಿ, ಅಂದರೆ ಸೋಗಾನೆಯ ಉದ್ಘಾಟನೆಗೆ ಒಂದು ತಿಂಗಳು ಮೊದಲು, ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದ ಮೇಲೆ ಅದೇ ವರ್ಷ ಒಂದು ಭಾಗ ಮತ್ತೆ ಚಾಲೂ ಆಯಿತು. 1936ರ ಕಾಗದ ಕಾರ್ಖಾನೆಗೆ ಆ ಅದೃಷ್ಟವೂ ಇರಲಿಲ್ಲ. 2015ರ ಸುಮಾರಿಗೆ ಅದರ ಉತ್ಪಾದನೆ ನಿಂತುಹೋಯಿತು. ಒಂದೇ ಜಿಲ್ಲೆಯಲ್ಲಿ ನೂರು ವರ್ಷದ ಸೊತ್ತು ಮುಚ್ಚುವುದಕ್ಕೂ ಹೊಸ ಸೊತ್ತು ತೆರೆಯುವುದಕ್ಕೂ ನಡುವೆ ಇದ್ದದ್ದು ಒಂದು ತಿಂಗಳು!

ಸರ್ಕಾರದ್ದು ಎಂದ ಮಾತ್ರಕ್ಕೆ ಯಾವುದೂ ಉಳಿಯುವುದಿಲ್ಲ ಎಂಬುದು ಭದ್ರಾವತಿಯ ಪಾಠ. ಕಾಲಕಾಲಕ್ಕೆ ಬಂಡವಾಳ ಹಾಕದೆ, ಯಂತ್ರ ಬದಲಿಸದೆ, ಲೆಕ್ಕ ಒಪ್ಪಿಸದೆ ಬಿಟ್ಟರೆ, ಒಂದು ದಿನ ‘ನಷ್ಟ’ ಎಂಬ ಒಂದೇ ಪದದಲ್ಲಿ ಎಲ್ಲವೂ ಮುಗಿಯುತ್ತದೆ.

ಶಿಕಾರಿಪುರದ ಜೋಳದ ರೈತನಿಗೆ, ಸೊರಬದ ಗುಡಿಗಾರ ಕುಶಲಕರ್ಮಿಗೆ ಈ ನಿಲ್ದಾಣದಿಂದ ಏನು ಸಿಕ್ಕೀತು ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ಶಿಕಾರಿಪುರದಿಂದ ಐವತ್ತು ಕಿಲೋಮೀಟರಿಗೂ ಹೆಚ್ಚು ಬಸ್ಸಿನಲ್ಲಿ ಬಂದು, ಊರು ದಾಟಿ ಸೋಗಾನೆಗೆ ಹೋಗಿ ವಿಮಾನ ಹತ್ತುವವರು ಎಷ್ಟು ಮಂದಿ? ಆದರೆ ಟಿಕೆಟ್ ಕೊಳ್ಳದವನ ತೆರಿಗೆಯೂ ಆ ರನ್‌ವೇಯಲ್ಲಿದೆ. ಹಾಗಾಗಿ ಅದನ್ನು ಬಿಳಿಯಾನೆ ಎಂದು ಹಂಗಿಸಿ ಸುಮ್ಮನಾಗುವುದೂ, ಒಂದು ಪಕ್ಷದ ಸಾಧನೆ ಎಂದು ಮೆರೆಸುವುದೂ ಎರಡೂ ತಪ್ಪು. ವರ್ಷಕ್ಕೆ ಎಷ್ಟು ಖರ್ಚು, ಎಷ್ಟು ಆದಾಯ, ಯಾವ ಉಪಕರಣ ಯಾವಾಗ ಬರುತ್ತದೆ, ಭೂಮಿ ಕೊಟ್ಟ ಕುಟುಂಬಗಳಿಗೆ ಕೊಟ್ಟ ಮಾತು ಎಲ್ಲಿಗೆ ಬಂತು ಎಂಬುದನ್ನು ನಿಗಮ ಜಿಲ್ಲೆಯ ಜನರ ಮುಂದೆ ವರ್ಷಕ್ಕೊಮ್ಮೆ ಇಡಲಿ. ನಾಳೆ ಅದನ್ನು ಬೇರೆಯವರಿಗೆ ಒಪ್ಪಿಸುವ ಮಾತು ಬಂದರೂ, ಆ ಮಾತು ಮೊದಲು ಸೋಗಾನೆಯಲ್ಲಿ ಆಗಲಿ.

ಜೊತೆಗೆ ಶಿಕಾರಿಪುರದ ರೈಲು ಬೇಗ ಬರಲಿ. ಬಡವನಿಗೆ ಕೈಗೆಟಕುವ ದರದ ದಾರಿ ಅದು. ರೈಲಿನವನಿಗೂ ವಿಮಾನದವನಿಗೂ ಸಮನಾಗಿ ಕಿವಿಗೊಡುವ ಸರ್ಕಾರವನ್ನು ಮಾತ್ರವೇ ಜನ ತಮ್ಮದು ಎಂದುಕೊಳ್ಳುತ್ತಾರೆ.