ಮಾರಿದ ಮೇಲೂ ಉಳಿಯುವ ಋಣ

ವರ್ಷಾನುಗಟ್ಟಲೆ ದುಡಿದು, ಇನ್ನು ಒಡೆಯನ ಕೆಲಸಕ್ಕೆ ಒದಗದಂತಾದ ಕುದುರೆಯನ್ನು ಏನು ಮಾಡಬೇಕು? ಇದು ಬಹು ಹಳೆಯ ಪ್ರಶ್ನೆ. ಇಟ್ಟುಕೊಂಡರೆ ಮೇವಿನ ಖರ್ಚು; ಕೊಲ್ಲಲು ಮನಸ್ಸು ಒಪ್ಪದು. ಆಗ ಮಾರಾಟವೇ ನಿರಪಾಯದ ದಾರಿಯೆಂದು ತೋರುತ್ತದೆ. ಅದು ನಿಜವಾಗಿಯೂ ನಿರಪಾಯವೇ ಎಂಬುದನ್ನು ಇತಿಹಾಸದ ಎರಡು ಪ್ರಸಂಗಗಳಿಂದ ವಿಚಾರಿಸಬಹುದು.

ಕ್ರಿ.ಪೂ. 195ರಲ್ಲಿ ರೋಮಿನ ಕಾನ್ಸಲ್ ಆಗಿದ್ದ ಕೇಟೋ ಸ್ಪೇನಿನಲ್ಲಿ ದಂಡಯಾತ್ರೆ ನಡೆಸಿದನು. ಮಿತವ್ಯಯಕ್ಕೆ ಹೆಸರಾದ ಈತ ತನ್ನ ಕೃಷಿಗ್ರಂಥದಲ್ಲಿ ಹಳೆಯ ಬಂಡಿ, ಹಳೆಯ ಸಲಕರಣೆಗಳ ಜೊತೆಗೆ ಮುದಿ ಎತ್ತನ್ನೂ ವೃದ್ಧನಾದ ಗುಲಾಮನನ್ನೂ ಮಾರಿಬಿಡಬೇಕೆಂದು ವಿಧಿಸಿದ್ದಾನೆ. ಯುದ್ಧದಲ್ಲಿ ತನ್ನನ್ನು ಹೊತ್ತ ಕುದುರೆಯನ್ನು ಸಹ ಆತ ಸ್ಪೇನಿನಲ್ಲಿಯೇ ಬಿಟ್ಟು ಬಂದನು. ಹಡಗಿನ ಸಾಗಣೆಯ ವೆಚ್ಚ ರಾಜ್ಯದ ಮೇಲೆ ಬೀಳಬಾರದೆಂಬುದು ಆತನು ಕೊಟ್ಟ ಕಾರಣ.

ಸುಮಾರು ಮುನ್ನೂರು ವರ್ಷಗಳ ನಂತರ ಕೇಟೋನ ಚರಿತ್ರೆಯನ್ನು ಬರೆದ ಗ್ರೀಕ್ ಲೇಖಕ ಪ್ಲುಟಾರ್ಕನಿಗೆ ಈ ನಡತೆ ಸರಿಬೀಳಲಿಲ್ಲ. ನ್ಯಾಯದ ಪರಿಧಿ ಮನುಷ್ಯರಿಗೆ ಸೀಮಿತವಾಗಿರಬಹುದು, ಆದರೆ ಕರುಣೆಯ ಪರಿಧಿ ಅದಕ್ಕಿಂತ ವಿಶಾಲವಾದುದು ಎಂಬುದು ಆತನ ನಿಲುವು. ಅಥೆನ್ಸ್ ನಗರದಲ್ಲಿ ದೇವಾಲಯ ನಿರ್ಮಾಣಕ್ಕೆ ದುಡಿದ ಹೇಸರಗತ್ತೆಗಳನ್ನು ಮೇಯಲು ಸ್ವತಂತ್ರವಾಗಿ ಬಿಟ್ಟುದನ್ನು ಆತ ಉದಾಹರಿಸುತ್ತಾನೆ. ಆದರೂ ಕೇಟೋನ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪ್ರಜೆಗಳ ಹಣವನ್ನು ತನ್ನ ಮಮತೆಗಾಗಿ ವ್ಯಯಿಸದಿರುವುದೂ ಒಂದು ಧರ್ಮವೇ. ಎರಡು ಕರ್ತವ್ಯಗಳು ಎದುರಾದುದರಿಂದಲೇ ಈ ನಿರ್ಧಾರ ಕಠಿಣ.

ಇದೇ ಲೆಕ್ಕಾಚಾರ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಕಾಣಿಸಿಕೊಂಡಿತು. 1918ರಲ್ಲಿ ಮೊದಲ ಮಹಾಯುದ್ಧ ಮುಗಿದಾಗ ಬ್ರಿಟಿಷ್ ಸೇನೆಯ ಸಾವಿರಾರು ಕುದುರೆಗಳು ಈಜಿಪ್ಟಿನಲ್ಲಿ ಮಾರಾಟವಾದವು. ಸ್ವದೇಶಕ್ಕೆ ಮರಳಿ ಸಾಗಿಸುವುದು ದುಬಾರಿಯೆನಿಸಿತ್ತು. ಸೇನೆಯ ಲೆಕ್ಕಪುಸ್ತಕದಲ್ಲಿ ವಿಷಯ ಅಲ್ಲಿಗೆ ಮುಗಿಯಿತು. ಕುದುರೆಗಳ ಪಾಲಿಗೆ ಮುಗಿಯಲಿಲ್ಲ. 1930ರಲ್ಲಿ ಸೇನಾಧಿಕಾರಿಯಾದ ಪತಿಯೊಡನೆ ಕೈರೋಗೆ ಬಂದ ಡೊರೊಥಿ ಬ್ರೂಕ್ ಎಂಬ ಮಹಿಳೆ, ಆ ಕುದುರೆಗಳಲ್ಲಿ ಬದುಕುಳಿದವು ಎಲುಬು ಕಾಣುವಂತಾಗಿ ಇನ್ನೂ ಭಾರ ಎಳೆಯುತ್ತಿದ್ದುದನ್ನು ಕಂಡರು. 1931ರಲ್ಲಿ ಲಂಡನ್ನಿನ 'ಮಾರ್ನಿಂಗ್ ಪೋಸ್ಟ್' ಪತ್ರಿಕೆಗೆ ಅವರು ಬರೆದ ಪತ್ರವನ್ನು ಓದಿ ಜನ ಹಣ ಕಳುಹಿಸಿದರು. ಮೂರು ವರ್ಷಗಳಲ್ಲಿ ಸುಮಾರು 5,000 ಕುದುರೆಗಳನ್ನು ಅವರು ಮರಳಿ ಕೊಂಡರು.

ಕೊಂಡವುಗಳಲ್ಲಿ ಹೆಚ್ಚಿನವು ಚೇತರಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅವುಗಳಿಗೆ ನೋವಿಲ್ಲದ ಮರಣವನ್ನು ಕೊಡಿಸಲಾಯಿತು. ಈ ಕೊನೆಯ ಕ್ರಮವನ್ನು ಎಲ್ಲರೂ ಒಪ್ಪಲಾರರು; ಆದರೆ ಆ ಸ್ಥಿತಿಯನ್ನು ತಂದವರು ಯಾರು ಎಂಬುದನ್ನು ಮರೆಯಲಾಗದು. ಆ ಕುದುರೆಗಳ ಹೊಸ ಒಡೆಯರನ್ನು ಮಾತ್ರ ದೂರಿ ಫಲವಿಲ್ಲ. ಅವರೂ ಬಡವರು, ಆ ಪ್ರಾಣಿಯ ದುಡಿಮೆಯೇ ಅವರ ಮನೆಯ ಅನ್ನ. ಇದನ್ನು ಅರಿತುದರಿಂದಲೇ ಬ್ರೂಕ್ 1934ರಲ್ಲಿ ಕೈರೋದಲ್ಲಿ ಕುದುರೆಗಳಿಗಾಗಿ ಉಚಿತ ಆಸ್ಪತ್ರೆಯನ್ನು ಸ್ಥಾಪಿಸಿದರು. ಅವರ ಹೆಸರಿನ ಸಂಸ್ಥೆ ಇಂದು ಹಲವು ದೇಶಗಳಲ್ಲಿ ದುಡಿಯುವ ಪ್ರಾಣಿಗಳ ಸೇವೆ ಮಾಡುತ್ತಿದೆ.

ಒಬ್ಬನಿಗೆ ಹೊಂದದ ಕುದುರೆ ಇನ್ನೊಬ್ಬನಿಗೆ ಹೊಂದಬಹುದು. ಅಂಥವನನ್ನು ಹುಡುಕಿ ಒಪ್ಪಿಸುವುದರಲ್ಲಿ ದೋಷವಿಲ್ಲ. ಅದು ಹಿತವೂ ಹೌದು. ಆದರೆ ಅದರ ಸಂಕಟ ತನ್ನ ಕಣ್ಣಿಗೆ ಬೀಳದಿರಲಿ ಎಂದು ಮಾರುವುದು ಬೇರೆಯ ಮಾತು. ಯಾರಿಗೆ, ಯಾವ ಕೆಲಸಕ್ಕೆ, ಮುಪ್ಪಿನಲ್ಲಿ ಅದಕ್ಕೆ ಯಾರು ದಿಕ್ಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಮಾರುವವನ ಹೊಣೆ ತೀರುವುದಿಲ್ಲ. ಬೆಲೆ ಪಡೆದಾಗ ಒಡೆತನ ಕೈ ಬದಲಾಗುತ್ತದೆ. ಪಡೆದ ಸೇವೆಯ ಋಣ ಅದರೊಡನೆ ಹೋಗುವುದಿಲ್ಲ.